ಕುಚ್ಚಲಕ್ಕಿಯ ಉಡಿ

"ಈ ಉಡಿ ತುಂಬಿದಾಕಿ ಯಾರು? ಅಷ್ಟು ಹೇಳು, ಸಾಕು."

ಶಿವಲೀಲಾ ತಲೆ ಎತ್ತಲಿಲ್ಲ. ತೊಡೆಯ ಮೇಲೆ ಕೂಸು ಹಾಲು ಕುಡಿಯುತ್ತಿತ್ತು. ಪಕ್ಕದ ಮಂಚದ ಮೇಲೆ ಅವಳ ಉಡಿಯ ಗಂಟು ನಿನ್ನೆ ಇಟ್ಟ ಹಾಗೇ ಬಿದ್ದಿತ್ತು.

"ತವರಿನವ್ರು ರೀ" ಎಂದಳು ಕೊನೆಗೆ.

"ನಿನಗ ತವರು ಎಲ್ಲೈತಿ?"

ತಂದೆ ತಾಯಿ ಇಲ್ಲದ ಹುಡುಗಿ ಎಂದು ನನಗೆ ಗೊತ್ತಿತ್ತು.

ನಿನ್ನೆ ಮಧ್ಯಾಹ್ನ ಗಂಗಾವತಿಯ ಸಂತ ಮೋನಿಕಾ ಕುಟುಂಬ ಸೇವಾ ಕೇಂದ್ರದಲ್ಲಿ, ಹೆಂಡತಿ ಶಿವಲೀಲಾಳ ಜೊತೆ ರಾಜಿಯಾಗಿ ಒಂದೇ ತಾಟಿನಲ್ಲಿ ಉಣ್ಣಲು ಕೂತ ಗಿಣಿಗೇರಾದ ಈಶಪ್ಪ, ಅವಳು ಉಡಿಯಿಂದ ತೆಗೆದುಕೊಟ್ಟ ಅಂಟಿನುಂಡಿ ಎಂಬ ಸಿಹಿಯುಂಡೆ ತಿಂದು ಸತ್ತಿದ್ದ. ಕೆಳಗೆ ಬಿದ್ದ ಚೂರು ಹೆಕ್ಕಿದ ಕೋಳಿಯೂ ಸತ್ತಿದ್ದರಿಂದ ವಿಷ ಎಲ್ಲಿತ್ತೆಂಬ ಬಗ್ಗೆ ಯಾರಿಗೂ ಅನುಮಾನ ಉಳಿದಿರಲಿಲ್ಲ.

ಉಂಡಿ ಯಾರ ಉಡಿಯಲ್ಲಿತ್ತೋ ಅವಳೇ ಕೊಲೆಗಾರ್ತಿ. ಇದು ಪಿ.ಎಸ್.ಐ. ವಿರುಪಾಕ್ಷಿಯ ಲೆಕ್ಕ. ಒಂದು ಕಾಲಕ್ಕೆ ನನ್ನ ಕೈಕೆಳಗೆ ಪೇದೆಯಾಗಿದ್ದವನು. ನಾನು ಎ.ಎಸ್.ಐ. ಆಗಿ ನಿವೃತ್ತಳಾದೆ, ಅವನು ಮೇಲೇರಿದ. ಬುದ್ಧಿ ಮಾತ್ರ ಮೆಟ್ಟಿಲು ಹತ್ತಲಿಲ್ಲ. ಆದರೂ ಹಳೇ ಋಣಕ್ಕೆ ಒಂದು ಉಪಕಾರ ಮಾಡಿದ್ದ.

"ದುರಗಮ್ಮ ಮೇಡಂ, ಕೇಂದ್ರದ ಸಿಸ್ಟರ್ ನಿಮ್ಮನ್ನ ಕರಿಸ್ಯಾರಂದ್ರ ನಾ ಬ್ಯಾಡ ಅನ್ನೂದಿಲ್ರಿ. ಬಿಸಲು ಇಳಿಯೂತನಕ ನಿಮ್ಮ ಕೈಯಾಗ ಬಿಡ್ತೀನಿ. ಆಮ್ಯಾಲ ಜೀಪು ತರ್ತೀನಿ."

ಬಿಸಿಲು ಇಳಿಯುವುದರೊಳಗೆ ನಾನು ಉತ್ತರ ಹುಡುಕದಿದ್ದರೆ ಈ ಹುಡುಗಿ ಜೈಲಿಗೆ ಹೋಗುತ್ತಾಳೆ. ಕೂಸನ್ನು ಕಿತ್ತುಕೊಳ್ಳಲು ಅಂಗಳದ ಬೇವಿನ ಮರದ ಕೆಳಗೆ ಅತ್ತೆ ಬಸವಣ್ಣೆಮ್ಮ ಆಗಲೇ ಕೂತಿದ್ದಳು. "ನನ್ನ ಮಗನ್ನ ನುಂಗಿದೆಲ್ಲೇ! ಮೊಮ್ಮಗನ್ನರ ಉಳಿಸಿ ಕೊಡೇ!" ಎಂಬ ಅವಳ ಕೂಗು ಕಿಟಕಿಯೊಳಗೆ ಬಂದಾಗಲೆಲ್ಲ ಶಿವಲೀಲಾ ಕೂಸನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಳ್ಳುತ್ತಿದ್ದಳು.

ನಾನೇ ಉಡಿಯ ಗಂಟು ಬಿಚ್ಚಿದೆ. ಉಂಡಿಯ ಚೂರುಗಳನ್ನು ಚೀಲಕ್ಕೆ ಹಾಕಿ ಸೀಲು ಒತ್ತಿಕೊಂಡು ಹೋದ ಗಂಡಸರು, ಉಳಿದದ್ದನ್ನು ಹೆಂಗಸರ ಸಾಮಾನೆಂದು ಮುಟ್ಟಿಯೂ ಇರಲಿಲ್ಲ. ಅವರ ತನಿಖೆ ಯಾವಾಗಲೂ ಹೀಗೇ. ಅಡುಗೆಮನೆ ಮತ್ತು ಸೆರಗು ಬಂದಲ್ಲಿ ಕಣ್ಣು ಮುಚ್ಚುತ್ತಾರೆ.

ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಉತ್ತತ್ತಿ, ಹಸಿರು ಬಳೆ, ಕುಪ್ಪಸದ ಖಣ. ಎಲ್ಲ ಸರಿಯಾಗಿತ್ತು. ಯಾರೋ ಕೇಳಿ ತಿಳಿದು, ಶ್ರದ್ಧೆಯಿಂದ ತುಂಬಿದ ಉಡಿ. ಅಕ್ಕಿಯನ್ನು ಮುಷ್ಟಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಒಯ್ದೆ.

ದಪ್ಪ ಕಾಳು. ಮೈಮೇಲೆ ಕೆಂಪು ಗೆರೆ. ಕುಚ್ಚಲಕ್ಕಿ.

ಗಂಗಾವತಿಯಲ್ಲಿ ಬೇಡಿ ಉಣ್ಣುವವನ ಜೋಳಿಗೆಗೂ ಸೋನಾ ಮಸೂರಿ ಬೀಳುತ್ತದೆ. ಉಡಿಯ ಅಕ್ಕಿ ಮುಕ್ಕಾಗಿರಬಾರದು, ಬೆಂದಿರಬಾರದು. ಒಮ್ಮೆ ಬೇಯಿಸಿ ಒಣಗಿಸಿದ ಅಕ್ಕಿಯನ್ನು ಉಡಿಗೆ ಸುರಿಯುವ ಹೆಂಗಸು ಈ ಸೀಮೆಯಲ್ಲಿ ಹುಟ್ಟಿಲ್ಲ. ಹಾಗೆ ಸುರಿದವಳು ಹೊರಗಿನವಳು, ಮತ್ತು ಅದು ತಪ್ಪೆಂದು ಅವಳಿಗೆ ಗೊತ್ತಿರಲಿಲ್ಲ.

ಈ ಕಾಂಪೌಂಡಿನೊಳಗೆ ಕುಚ್ಚಲಕ್ಕಿ ಉಣ್ಣುವವರು ಒಬ್ಬರೇ ಇದ್ದರು.

"ಖುಷ್ಬು," ಬಾಗಿಲಲ್ಲಿ ಕಾವಲಿದ್ದ ಲೇಡಿ ಕಾನ್‌ಸ್ಟೆಬಲ್‌ಗೆ ಹೇಳಿದೆ, "ನಾ ಬರೂತನಕ ಈಕಿನ್ನ ಬಿಟ್ಟು ಅಲುಗಾಡಬ್ಯಾಡ. ಯಾರ ಏನರ ತಿನ್ನಾಕ ಕೊಟ್ರ, ಕೈಯಿಂದ ಕಸಗೋ."

ಪಡಸಾಲೆಯ ಬೆಂಚಿನ ಮೇಲೆ ವಕೀಲ ಪ್ರಭುರಾಜ ಜಾಮೀನಿನ ಅರ್ಜಿ ಬರೆಯುತ್ತಿದ್ದ. ಕೇಂದ್ರದ ಕೇಸುಗಳನ್ನೆಲ್ಲ ಫೀಸು ಮುಟ್ಟದೆ ನಡೆಸುವವನು. ನಿನ್ನೆಯಿಂದ ಮನೆಗೂ ಹೋಗಿರಲಿಲ್ಲ.

"ಏನರ ಸುಳಿವು ಸಿಕ್ತೇನ್ರಿ ಮೇಡಂ?"

"ಹುಡುಕಾಕ ಹತ್ತೀನ್ರಿ."

"ಪಾಪದ ಹೆಣ್ಮಗಳು. ಹೆಂಗರ ಮಾಡಿ ಉಳಿಸ್ರಿ" ಎಂದ. ಒಳ್ಳೆಯ ಮನುಷ್ಯ ಎಂದುಕೊಂಡೆ.

ಸಿಸ್ಟರ್ ಫೆಲ್ಸಿಟಾ ತಮ್ಮ ಕೋಣೆಯಲ್ಲಿ ನಡುಪಟ್ಟಿ ಬಿಗಿದುಕೊಂಡು ನೆಟ್ಟಗೆ ಕೂತಿದ್ದರು. ಬೆನ್ನಿಗೊಂದು ದಿಂಬು. ಮಂಗಳೂರಿನ ಕಡೆಯ ಹಳ್ಳಿಯಿಂದ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದವರು. ಕನಕಗಿರಿಯಿಂದ ಯಲಬುರ್ಗಾದವರೆಗೆ ಮುರಿಯಲು ಹೊರಟ ಎಷ್ಟೋ ಸಂಸಾರಗಳು ಈ ಕೋಣೆಯಲ್ಲಿ ಅತ್ತು, ಬೈದಾಡಿ, ಮೂಗು ಒರೆಸಿಕೊಂಡು ಒಟ್ಟಿಗೆ ಮನೆಗೆ ಹೋಗಿವೆ. ಹೋಗುವ ಮೊದಲು ಒಂದೇ ಒಂದು ನೇಮ. ಗಂಡ ಹೆಂಡತಿ ಒಂದೇ ತಾಟಿನಲ್ಲಿ ಉಣ್ಣಬೇಕು, ಮೊದಲ ತುತ್ತು ಒಬ್ಬರ ಬಾಯಿಗೊಬ್ಬರು ಇಡಬೇಕು, ಆಗ ಕೋಣೆಯಲ್ಲಿ ಬೇರೆ ಯಾರೂ ಇರಬಾರದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ನಾವು ಬಾಯಲ್ಲಿ ಆಡುತ್ತೇವೆ. ಸಿಸ್ಟರ್ ಅದನ್ನು ನಂಬಿ ತಾಟು ಹಾಕಿಸುತ್ತಿದ್ದರು.

ನಾನು ಬಾಗಿಲು ಮುಂದೆ ಮಾಡಿ, ಮುಷ್ಟಿಯ ಅಕ್ಕಿಯನ್ನು ಅವರ ಮೇಜಿನ ಮೇಲೆ ಸುರಿದೆ.

"ಇದು ಯಾರ ಮನಿ ಅಕ್ಕಿರಿ ಸಿಸ್ಟರ್?"

ಅವರ ಕೈ ಕೊರಳಿನ ಶಿಲುಬೆಗೆ ಹೋಯಿತು. ಸುಳ್ಳು ಹೇಳಲು ಬರದವರ ಮುಖವನ್ನು ನಾನು ಸರ್ವೀಸಿನಲ್ಲಿ ಕಂಡದ್ದು ಕಡಿಮೆ. ಇದು ಅಂಥ ಮುಖ.

"ನಮ್ಮದು" ಎಂದರು.

"ನೀವ ಉಡಿ ತುಂಬಿದ್ರಿ?"

"ಎಂತ ಮಾಡುವುದು ದುರಗಮ್ಮನವರೇ? ನಮ್ಮ ಹಾಸ್ಟೆಲಿನ ಬೇರೆ ಮಕ್ಕಳು ಹಬ್ಬಕ್ಕೆ ಊರಿಗೆ ಹೋದಾಗ ಇವಳೊಬ್ಬಳೇ ನನ್ನ ಹಿಂದೆ ಮುಂದೆ ತಿರುಗಿಕೊಂಡು ಇರ್ತಿದ್ದಳು. ಗಂಡನ ಮನೆಗೆ ವಾಪಸು ಹೋಗುವವಳು ಖಾಲಿ ಸೆರಗಲ್ಲಿ ಹೋಗಬೇಕಾ? ತವರು ಅಂದರೆ ಅವಳಿಗೆ ಇದೇ ಅಲ್ವಾ?"

"ಮತ್ತ ನಿನ್ನೆ ಪೊಲೀಸರ ಮುಂದ ಯಾಕ ಹೇಳಲಿಲ್ಲ?"

"ಸಿಸ್ಟರ್ ಆದವಳು ಇದನ್ನೆಲ್ಲ ಮಾಡಬಾರದು ಅನ್ನುವವರು ನಮ್ಮಲ್ಲಿ ಉಂಟು. ಬಾಗಿಲು ಹಾಕಿಕೊಂಡು ತುಂಬಿದೆ. ಯಾರ ಹತ್ತಿರವೂ ಹೇಳಬೇಡ ಮಗಾ ಅಂದಿದ್ದೆ."

ನನಗೆ ಸಿಟ್ಟು ನೆತ್ತಿಗೇರಿತು.

"ನೀವು ಅಂದದ್ದೊಂದು ಮಾತಿಗೆ ಆ ಹುಡುಗಿ ನಾಲಿಗಿ ಕಚ್ಚಿಕೊಂಡು ಜೈಲಿಗೆ ಹೊಂಟಾಳ! ಆಕಿ ಕೂಸಿನ್ನ ಅತ್ತಿ ಒಯ್ಯಾಕ ಕುಂತಾಳ! ನೀವು ಇಲ್ಲಿ ಜಪಮಾಲಿ ಹಿಡ್ಕೊಂಡು ಕುಂತೀರಿ!"

ಸಿಸ್ಟರ್ ಕಣ್ಣು ತುಂಬಿ ಬಂತು. ನನಗೆ ಅಯ್ಯೋ ಅನ್ನಿಸಿತು. ಆದರೆ ಕೇಳಬೇಕಾದದ್ದು ಇನ್ನೂ ಬಾಕಿ ಇತ್ತು.

"ಉಂಡಿ? ಅದನ್ನೂ ನೀವ ಹಾಕಿದ್ರಿ?"

"ಹೌದು."

"ಮಾಡಿದವ್ರು ಯಾರು?"

"ನಾನು ಮಾಡಿದ್ದಲ್ಲ. ನನಗೆ ಬಂದದ್ದು. ನಡು ನೋವಿಗೆ ಒಳ್ಳೇದು ಅಂತ ಒಂದು ಡಬ್ಬಿಯಲ್ಲಿ ಕೊಟ್ಟದ್ದು."

"ಬಂದದ್ದನ್ನ ನೀವ್ಯಾಕ ತಿನ್ನಲಿಲ್ಲ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ. "ಇದು ತಪಸ್ಸುಕಾಲ ಅಲ್ವಾ? ಪಾಸ್ಖ, ಈಸ್ಟರ್ ಹಬ್ಬದವರೆಗೆ ನಾನು ಸಿಹಿ ಮುಟ್ಟುವುದಿಲ್ಲ. ಹಾಳಾಗುವುದು ಬೇಡ ಅಂತ ಡಬ್ಬಿಯಲ್ಲಿದ್ದದ್ದನ್ನೆಲ್ಲ ಅವಳ ಉಡಿಗೆ ಹಾಕಿದೆ. ಹಾಲೂಡಿಸುವವಳಿಗೂ ಒಳ್ಳೇದು ಅಂತ ಇಲ್ಲಿಯವರೇ ಹೇಳಿದ್ದಾರೆ."

ನಾನು ಕುರ್ಚಿ ಎಳೆದು ಕೂತೆ.

ಸಿಸ್ಟರ್‌ಗೆ ಬಂದ ಉಂಡಿಯನ್ನು ಸಿಸ್ಟರ್ ಮಗಳಂಥವಳಿಗೆ ಕೊಟ್ಟರು. ಆ ಮಗಳು ತಾನು ತಿನ್ನದೆ ಗಂಡನ ಬಾಯಿಗಿಟ್ಟಳು. ಒಬ್ಬರಿಗೊಬ್ಬರು ಅಕ್ಕರೆಯಿಂದ ಬಿಟ್ಟುಕೊಡುತ್ತಾ ಹೋದ ವಿಷ, ಅದಕ್ಕೆ ಸಂಬಂಧವೇ ಇಲ್ಲದವನ ಹೊಟ್ಟೆ ಸೇರಿತ್ತು. ವಿಷ ಬೆರೆಸಿದವರಿಗೆ ಕ್ರೈಸ್ತರ ವ್ರತದ ವಿಷಯ ಗೊತ್ತಿರಲಿಲ್ಲ. ನಮಗೆ ಶ್ರಾವಣ ಗೊತ್ತು, ರಮಜಾನ್ ಗೊತ್ತು. ನೆರೆಯಲ್ಲೇ ಇದ್ದವರ ತಪಸ್ಸುಕಾಲ ಎಷ್ಟು ಜನಕ್ಕೆ ಗೊತ್ತು? ನನಗೇ ಗೊತ್ತಿರಲಿಲ್ಲ.

"ಸಿಸ್ಟರ್, ಆ ಉಂಡಿ ಈಶಪ್ಪಗ ಮಾಡಿದ್ದಲ್ಲ. ಶಿವಲೀಲಾಗೂ ಅಲ್ಲ. ನಿಮಗ."

"ಗೊತ್ತು" ಎಂದರು ಮೆಲ್ಲಗೆ. "ನಿನ್ನೆ ಕೋಳಿ ಸತ್ತದ್ದು ನೋಡಿದಾಗಲೇ ಗೊತ್ತಾಯಿತು."

"ನಿಮ್ಮನ್ನ ಕೊಲ್ಲೋ ಹಂಗ ದ್ವೇಷ ಯಾರಿಗೈತಿ?"

"ಅಮೃತಾಳ ಕೇಸು ಒಂದುಂಟು." ಯಲಬುರ್ಗಾ ಕಡೆಯ ಹುಡುಗಿ. ವಯಸ್ಸಿಗೆ ಬರುವ ಮೊದಲೇ ಕುಷ್ಟಗಿಯ ಶ್ರೀಮಂತ ಕುಬೇರಪ್ಪನ ಮನೆಗೆ ಮದುವೆ ಮಾಡಿಕೊಟ್ಟಿದ್ದರು. ಅಲ್ಲಿಂದ ಬಿಡಿಸಿ ತಂದವರು ಸಿಸ್ಟರ್. "ಬರುವ ಬುಧವಾರ ಕೋರ್ಟಲ್ಲಿ ನಾನು ಸಾಕ್ಷಿ ಹೇಳಬೇಕು. ರಾಜಿ ಆಗಲಿ ಸಿಸ್ಟರ್ ಅಂತ ಪ್ರಭುರಾಜ ಅವರೂ ಹೇಳಿ ನೋಡಿದರು. ನಾನು ಒಪ್ಪಲಿಲ್ಲ."

ಕುಬೇರಪ್ಪ. ಹೆಸರು ಕೇಳಿದ್ದೆ. ದುಡ್ಡಿದ್ದವನು, ಜನ ಇದ್ದವನು.

"ಪಾಪ, ಪ್ರಭುರಾಜ ಅವರಿಗೆ ನನ್ನ ಬಗ್ಗೆ ಹೆದರಿಕೆ ಇತ್ತು ಅಂತ ಕಾಣ್ತದೆ" ಎಂದರು ಸಿಸ್ಟರ್. "ನಿನ್ನೆ ಇಲ್ಲಿಗೆ ಆಂಬುಲೆನ್ಸ್ ಬಂತು ಅಂತ ಯಾರೋ ಹೇಳಿದ ಕೂಡಲೇ ಫೋನ್ ಮಾಡಿದರು. 'ಸಿಸ್ಟರ್‌ಗ ಏನಾತು' ಅಂತ ಕೇಳಿದರು. ನಾನೇ ಮಾತಾಡುವುದು ಅಂದೆ. ಸ್ವಲ್ಪ ಹೊತ್ತು ಅವರಿಗೆ ಮಾತೇ ಬರಲಿಲ್ಲ."

ನನ್ನ ತಲೆ ತುಂಬ ಕುಬೇರಪ್ಪನೇ ಇದ್ದ. ಆ ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

"ಡಬ್ಬಿ ತಂದುಕೊಟ್ಟವ್ರು ಯಾರು? ಕುಬೇರಪ್ಪನ ಕಡಿಯವ್ರ?"

ಸಿಸ್ಟರ್ ಮೇಜಿನ ಮೇಲಿನ ಅಕ್ಕಿಕಾಳುಗಳನ್ನು ಬೆರಳಿನಿಂದ ಒಟ್ಟು ಮಾಡತೊಡಗಿದರು.

"ಹೇಳ್ರಿ. ನಿಮ್ಮನ್ನ ಕೊಲ್ಲಾಕ ಬಂದವರನ್ನ ಯಾಕ ಮುಚ್ಚಿಡ್ತೀರಿ?"

"ಹೇಳಿದರೆ ನೀವು ನಂಬಿಬಿಡ್ತೀರಿ. ಅದೇ ಹೆದರಿಕೆ."

"ಯಾರು?"

"ಶಿವಲೀಲಾ" ಎಂದರು ಸಿಸ್ಟರ್ ಫೆಲ್ಸಿಟಾ. "ಮನೆಯಲ್ಲಿ ಮಾಡಿದ್ದು, ನೀವೊಬ್ಬರೇ ತಿನ್ನಬೇಕು ಅಂತ ಹೇಳಿ ಅವಳೇ ಕೈಯಲ್ಲಿಟ್ಟದ್ದು."

ಹುಡುಗಿಯನ್ನು ಬಿಡಿಸಲು ಬಂದ ನಾನು ಅವಳ ಕೊರಳಿನ ಹಗ್ಗವನ್ನೇ ಬಿಗಿ ಮಾಡಿದ್ದೆ.

"ಅವಳು ಮಾಡಿದ್ದಲ್ಲ" ಎಂದರು ಸಿಸ್ಟರ್. "ನನ್ನ ಕೈಯಲ್ಲಿ ಬೆಳೆದ ಮಗು ಅದು. ಅದು ವಿಷ ಅಂತ ಗೊತ್ತಿದ್ದರೆ ಗಂಡನ ಬಾಯಿಗೆ ಇಡ್ತಿದ್ದಳಾ? ಅವಳು ಗಂಡನ ಮನೆಗೆ ಹೋಗಲಿ ಅಂತ ನಾನೇ ರಾಜಿ ಮಾಡಿಸಿದ್ದು."

ಅದರಲ್ಲಿ ಸತ್ಯವಿತ್ತು. ತಾನೇ ಕೊಟ್ಟ ಉಂಡಿ ತನ್ನ ಉಡಿಗೇ ತಿರುಗಿ ಬರುತ್ತದೆಂದು ಯಾರು ತಾನೇ ಕನಸು ಕಾಣುತ್ತಾರೆ? ಮತ್ತೆ ಬಂದ ಮೇಲೆ, ಗೊತ್ತಿದ್ದವಳು ಬಾವಿಗೆ ಎಸೆಯುತ್ತಿದ್ದಳು.

ಬಾಗಿಲು ಬಡಿದ ಸದ್ದಾಯಿತು. ಪ್ರಭುರಾಜ ತಲೆ ಹಾಕಿದ.

"ತಪ್ಪು ತಿಳಿಬ್ಯಾಡ್ರಿ. ದನಿ ಜೋರಾತು ಅಂತ ಬಂದೆ."

ಸಿಸ್ಟರ್ ಎದ್ದು ನಿಂತರು. ನಡುವಿನ ನೋವಿಗೆ ಮುಖ ಹಿಂಡಿತು. "ನಾನು ಎಲ್ಲ ಹೇಳಿಬಿಡ್ತೇನೆ ಪ್ರಭುರಾಜ ಅವರೇ. ಉಡಿ ತುಂಬಿದ್ದು ನಾನು. ಉಂಡಿ ನನಗೆ ಬಂದದ್ದು. ತಪಸ್ಸುಕಾಲ ಅಂತ ನಾನು ತಿನ್ನಲಿಲ್ಲ, ಅಷ್ಟೇ. ಅವಳು ನಿರಪರಾಧಿ ಅಂತ ಯಾರ ಮುಂದೆ ಬೇಕಾದರೂ ಪ್ರಮಾಣ ಮಾಡ್ತೇನೆ."

ಪ್ರಭುರಾಜ ಕೈಯಲ್ಲಿದ್ದ ಅರ್ಜಿಯನ್ನು ಮಡಚಿದ. "ಹಂಗೇನ್ರಿ? ತಪಸ್ಸುಕಾಲದಾಗ ಸಿಹಿ ತಿನ್ನೂದಿಲ್ರೇನು? ನನಗ ಗೊತ್ತಿರಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದ. "ಮೇಡಂ, ಇದನ್ನ ವಿರುಪಾಕ್ಷಿ ಮುಂದ ಹೇಳಿದ್ರ ಅವ ತಿರುಚಿ ಬರಕೊಂತಾನ. ನೆಟ್ಟಗ ಕೊಪ್ಪಳಕ್ಕ ಹೋಗಿ ದೊಡ್ಡ ಸಾಹೇಬ್ರ ಮುಂದ ಹೇಳಿಕಿ ಕೊಡಸ್ತೀನಿ. ಸಂಜೀಗೆ ಜೀಪು ಬರೂದ್ರಾಗ ಅವರ ಫೋನು ಬರಬೇಕು. ನನ್ನ ಗಾಡಿ ಐತಿ."

ಮಾತು ಸರಿಯಾಗಿತ್ತು. ವಿರುಪಾಕ್ಷಿಯನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಹೋಗಿ ಬರ್ರಿ ಎಂದೆ. ಸಿಸ್ಟರ್ ಕೈ ಹಿಡಿದು ಮೆಟ್ಟಿಲು ಇಳಿಸಿದವಳು ನಾನು. ಬೆನ್ನಿಗೆ ದಿಂಬು ಇಟ್ಟು ಕಾರಿನಲ್ಲಿ ಕೂರಿಸಿದವಳೂ ನಾನೇ.

"ಊಟ ಆತೇನ್ರಿ ಸಿಸ್ಟರ್?" ಗಾಡಿ ಚಾಲು ಮಾಡುತ್ತಾ ಪ್ರಭುರಾಜ ಕೇಳಿದ.

"ಇಲ್ಲ, ಇವತ್ತು ಉಪವಾಸ."

"ಮಜ್ಜಿಗಿ ನಡೀತೈತೇನು? ಬಿಸಲು ಭಾಳ ಐತಿ."

"ಮಜ್ಜಿಗೆ ಆಗಬಹುದು" ಎಂದು ಸಿಸ್ಟರ್ ನಕ್ಕರು. ನಿನ್ನೆಯಿಂದ ಅವರು ನಕ್ಕದ್ದು ಅದೇ ಮೊದಲು.

ಕಾರು ಗೇಟು ದಾಟಿದ ಮೇಲೆ ನಾನು ಶಿವಲೀಲಾಳ ಹತ್ತಿರ ಬಂದು ಮಂಚದ ಅಂಚಿಗೆ ಕೂತೆ. ಕೂಸು ಮಲಗಿತ್ತು.

"ಸಿಸ್ಟರ್ ಎಲ್ಲಾ ಹೇಳ್ಯಾರ. ಉಡಿ ತುಂಬಿದ್ದು, ನೀನು ಡಬ್ಬಿ ಕೊಟ್ಟದ್ದು, ಎಲ್ಲಾ. ಈಗರ ಬಾಯಿ ಬಿಡು. ಆ ಉಂಡಿ ಮಾಡಿದಾಕಿ ನೀನ?"

ಅವಳು ಬಿಕ್ಕಿದಳು. "ನನಗ ಉಂಡಿ ಕಟ್ಟಾಕ ಬರೂದಿಲ್ರಿ ಅಮ್ಮಾರ. ರಾಜಿ ಮಾತಿಗೆ ಬಂದಾಗ ಅವ್ರು ತಂದು ಕೊಟ್ರು, ನಮ್ಮ ಯಜಮಾನ್ರು. ಸಿಸ್ಟರ್‌ಗ ಕೊಡು, ಮನ್ಯಾಗ ಮಾಡಿದ್ದು ಅಂತ ಹೇಳು ಅಂದ್ರು."

"ಅದ ಉಂಡಿ ಉಡ್ಯಾಗ ನೋಡಿ ನಿನಗ ಏನೂ ಅನ್ನಸಲಿಲ್ಲ?"

"ಸಿಸ್ಟರ್ ತಾವು ತಿನ್ನಲಾರದ ನನಗ ಇಟ್ಟಾರ ಅನ್ನಿಸ್ತು. ಮನೀಗೆ ಒಯ್ದ್ರ ಉಡಿ ಯಾರು ತುಂಬಿದ್ರು ಅಂತ ಅತ್ತಿ ಕೇಳ್ತಾಳ. ಅದಕ್ಕ ಅಲ್ಲೇ ಬಿಚ್ಚಿ ತಾಟಿನ್ಯಾಗ ಇಟ್ಟೆ. ಅವ್ರು ನೋಡಿ ನಕ್ರು. 'ಸಿಸ್ಟರ್‌ಗ ಕೊಟ್ಟದ್ದು ಹೊಳ್ಳಿ ನಮ್ಮ ಕಡೀಗೆ ಬಂತಲ್ಲ' ಅಂದ್ರು. ಮೊದಲ ತುತ್ತು ಅಂತ ನಾನ ಬಾಯಾಗ ಇಟ್ಟೆ. ಛಲೋ ಅದಾವ ಅಂತ ಇನ್ನೊಂದು ತಗೊಂಡ್ರು. ನನಗೂ ಅರ್ಧ ಮುರದು ಕೊಡೂದ್ರಾಗ..." ಮುಂದೆ ಅವಳಿಗೆ ಹೇಳಲಾಗಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡಳು, ಕೂಸು ಏಳಬಾರದೆಂದು.

ನಾನು ಅವಳ ಬೆನ್ನ ಮೇಲೆ ಕೈಯಿಟ್ಟೆ. ವಿಷ ಇಟ್ಟವನು ನಕ್ಕು ಅದನ್ನೇ ತಿನ್ನುವುದಿಲ್ಲ. ಈಶಪ್ಪನಿಗೂ ಗೊತ್ತಿರಲಿಲ್ಲ. ಹಾಗಾದರೆ ಇದು ಅವನ ಹಿಂದಿನ ಕೈ.

"ಶಿವಲೀಲಾ, ಅವಗ ಆ ಡಬ್ಬಿ ಕೊಟ್ಟವ್ರು ಯಾರು?"

ಅವಳು ಬಾಗಿಲ ಕಡೆ ನೋಡಿದಳು, ಯಾರಾದರೂ ಕೇಳಿಸಿಕೊಳ್ಳುತ್ತಾರೇನೋ ಎಂಬ ಹಾಗೆ.

"ಹೇಳಬ್ಯಾಡ ಅಂದಾರ್ರಿ. ಡಬ್ಬಿ ನಿನ್ನ ಕೈಯಿಂದ ಹೋಗೇತಿ ಅಂತ ಗೊತ್ತಾದ್ರ ನಿನಗ ಗಲ್ಲು ಆಕೈತಿ, ಸುಮ್ಮನಿರು, ನಾ ಬಿಡಸ್ತೀನಿ ಅಂದಾರ."

"ಯಾರು ಅಂದಾರ?"

"ವಕೀಲ್ ಸಾಹೇಬ್ರು ರೀ. ಡಬ್ಬಿ ಕೊಟ್ಟವ್ರೂ ಅವರ. 'ನನ್ನ ಕೈಯಿಂದ ಕೊಟ್ರ ಸಿಸ್ಟರ್ ಇಸಗೊಳ್ಳೂದಿಲ್ಲ, ನಿಮ್ಮ ಮನಿದು ಅಂತ ಕೊಡ್ರಿ' ಅಂದಿದ್ರಂತ. ಭಾಳ ಛಲೋ ಮನಸ್ಯಾರ್ರಿ ಅವ್ರು."

ಈಗ ಒಳಗೆ ಇಳಿಯಿತು. ಆಂಬುಲೆನ್ಸ್ ಬಂತೆಂದು ಕೇಳಿದವನು ಯಾರಿಗೆ ಏನಾಯಿತು ಎಂದು ಕೇಳುತ್ತಾನೆ. ಪ್ರಭುರಾಜ ಕೇಳಿದ್ದು ಸಿಸ್ಟರ್‌ಗೆ ಏನಾಯಿತು ಎಂದು. ಸಿಸ್ಟರ್ ದನಿ ಕೇಳಿ ಅವನಿಗೆ ಮಾತು ನಿಂತದ್ದು ಕಾಳಜಿಯಿಂದಲ್ಲ. ಫೀಸು ಮುಟ್ಟದವನ ಕೈಗೆ, ಬುಧವಾರದ ಸಾಕ್ಷಿ ತಪ್ಪಿಸಲು, ಕುಬೇರಪ್ಪನ ದುಡ್ಡು ಸೇರಿರಬೇಕು.

ಕುರಿ ಕಾಯಲು ತೋಳನನ್ನು ಕಳಿಸಿದ್ದೆ, ಅದೂ ಬೆನ್ನಿಗೆ ದಿಂಬು ಕೊಟ್ಟು.

"ಖುಷ್ಬು! ವಿರುಪಾಕ್ಷಿಗೆ ಫೋನ್ ಹಚ್ಚು! ಕೊಪ್ಪಳ ರೋಡಿಗೆ ಜೀಪು ಬಿಡು ಅನ್ನು, ಈಗಿಂದೀಗ!" ಕೂಗುತ್ತಲೇ ನಾನು ಸಿಸ್ಟರ್ ನಂಬರು ಒತ್ತಿದೆ.

ರಿಂಗಾಯಿತು. ಯಾರೋ ಎತ್ತಿದರು. ಗಾಡಿ ನಿಂತಿತ್ತೆಂದು ಕಾಣುತ್ತದೆ, ಇಂಜಿನ್ನಿನ ಸದ್ದಿರಲಿಲ್ಲ.

"ಹೇಳ್ರಿ ಮೇಡಂ" ಎಂದ ಪ್ರಭುರಾಜ.

"ಸಿಸ್ಟರ್‌ಗ ಕೊಡ್ರಿ."

"ಒಂದ ನಿಮಿಷ ತಡೀರಿ" ಎಂದ ಅವನು, ಯಾವ ಅವಸರವೂ ಇಲ್ಲದ ದನಿಯಲ್ಲಿ. "ಮಜ್ಜಿಗಿ ಕುಡಿಯಾಕ ಹತ್ಯಾರ. ಕುಡದು ಮಾತಾಡ್ತಾರ."